ಕೊಂಡಿ ಹಾಕಿದವರ ಹೆಸರು ಕೇಳಿದ್ದು ತಪ್ಪಲ್ಲ

ಪ್ರಶ್ನೆ:

ನನಗೀಗ ಮೂವತ್ತಾರು ವರ್ಷ. ತವರು ಜಮಖಂಡಿ ಸೀಮೆಯ ಹಳ್ಳಿ, ಕೊಟ್ಟದ್ದು ಬನಹಟ್ಟಿಗೆ. ಮನೆಯಲ್ಲಿ ಪವರ್‌ಲೂಮ್ ಇವೆ. ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದ್ದೆ. ಎಂ.ಎ. ಮಾಡುವ ಆಸೆ ಇತ್ತು, ಅಷ್ಟರಲ್ಲಿ ಮದುವೆಯಾಯಿತು.

2020ರಲ್ಲಿ ಲಾಕ್‌ಡೌನ್ ಆಗಿ ಮಗ್ಗಗಳೆಲ್ಲ ನಿಂತಾಗ, ಮಗಳ ಪಾಠಕ್ಕೆಂದು ತಂದ ಫೋನಿನಲ್ಲಿ ಒಂದು ಮ್ಯೂಸಿಯಂನವರ ಉಪನ್ಯಾಸ ಕಣ್ಣಿಗೆ ಬಿತ್ತು. ಹಳೆಯ ಚಿತ್ರಗಳ ಬಗ್ಗೆ ಮಾತಾಡುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ಅಂಥ ಮಾತು ಕೇಳಿಯೇ ಇರಲಿಲ್ಲ. ಅಂದಿನಿಂದ ಹುಡುಕಿ ಹುಡುಕಿ ನೋಡುತ್ತ ಬಂದಿದ್ದೇನೆ. ನಾಟಕ, ಸಂಗೀತ, ಶಾಸನ, ಶಿಲ್ಪ, ಏನಿದ್ದರೂ ಸರಿ. ಆದರೆ ಹೆಚ್ಚಿನವು ಸಂಜೆ ಆರೂವರೆಗೋ ಏಳಕ್ಕೋ ಇರುತ್ತವೆ. ಅದು ರೊಟ್ಟಿ ಬಡಿಯುವ ಹೊತ್ತು. ಒಲೆಯ ಪಕ್ಕ ಫೋನಿಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಅತ್ತೆ, "ಆ ಮೊಬೈಲ್‌ನ್ಯಾಗ ಏನೈತಿ ಅಂತ ಒಬ್ಬಾಕೀನ ನಗತೀದಿ? ಸಾರು ಉಕ್ಕಾಕತ್ತೈತಿ ನೋಡು" ಅನ್ನುತ್ತಾರೆ. ಯಜಮಾನರು ಬೈಯುವವರಲ್ಲ. "ಇದರಿಂದ ಏನ್ ಬರ್ತೈತಿ?" ಅಂತ ಕೇಳುತ್ತಾರೆ, ಅಷ್ಟೆ. ನನಗೆ ಉತ್ತರ ಹೊಳೆಯುವುದಿಲ್ಲ.

ಹೋದ ತಿಂಗಳು ಎರಡು ಸಂಗತಿ ಆದವು. ಸೀರೆಗಳ ಮೇಲಿನ ಆನ್‌ಲೈನ್ ತರಗತಿಗೆ ಸಾವಿರದ ಐನೂರು ರೂಪಾಯಿ ಕಟ್ಟಿದೆ. ಮನೆಯಲ್ಲಿ ಹೇಳಲಿಲ್ಲ. ಪಂಚಮಿಗೆ ತವರಿನವರು ಕೈಗಿಟ್ಟ ದುಡ್ಡು ಅದು. ಆದರೂ ಕದ್ದಂತೆ ಅನಿಸುತ್ತಿದೆ. ಇನ್ನೊಂದು, ಆ ತರಗತಿಯಲ್ಲಿ ಹಳೆಯ ಇಳಕಲ್ ಸೀರೆಯೊಂದನ್ನು ತೋರಿಸಿದರು. ನಮ್ಮ ಅತ್ತೆಯ ತವರು ಇಳಕಲ್. ಮದುವೆಗೆ ಮೊದಲು ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತಿದವರು, ಕೊಂಡಿ ಹಾಕಲು ಕೂತವರು. ಅದಕ್ಕೇ ನಾನು, "ಈ ಸೀರೆಗೆ ಕೊಂಡಿ ಹಾಕಿದವರು ಯಾರೆಂದು ನಿಮ್ಮ ದಾಖಲೆಯಲ್ಲಿ ಇದೆಯೇ?" ಎಂದು ಚಾಟ್‌ನಲ್ಲಿ ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಬರೆಯಿರಿ ಅಂದರು. ನಾನು ಪದ ಜೋಡಿಸುವಷ್ಟರಲ್ಲಿ ಬೇರೆಯವರ ಪ್ರಶ್ನೆಗೆ ಹೋದರು. ಬಾಯಿಬಿಟ್ಟೇ ಕೇಳೋಣವೆಂದು ಮೈಕ್ ಆನ್ ಮಾಡಿದರೆ ಹಿಂದೆ ಮಗ್ಗದ ಸದ್ದು. ಯಾರೋ ನನ್ನ ಮೈಕ್ ಬಂದ್ ಮಾಡಿದರು. ಆಮೇಲೆ ನಾನು ಆ ತರಗತಿಗೆ ಹೋಗಲೇ ಇಲ್ಲ.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಇಂಥ ಕಾರ್ಯಕ್ರಮಗಳಿಗೆ ಖುದ್ದಾಗಿ ಹೋಗಿ ಫೋಟೊ ಹಾಕುತ್ತಾಳೆ. ನಾನು ಇಲ್ಲಿ ಒಲೆ ಮುಂದೆ. ನಮ್ಮ ಕಡೆ ಪಾರಿಜಾತದ ಆಟ ಆದಾಗ ಹೋಗಲಿಲ್ಲ, ಲಂಡನ್ನಿನ ನಾಟಕವನ್ನು ಫೋನಿನಲ್ಲಿ ನೋಡಿದೆ. ನಾನು ಎರಡೂ ಕಡೆ ಸಲ್ಲದವಳಾದೆನೇ? ಇದೆಲ್ಲ ಬಿಟ್ಟುಬಿಡಬೇಕೇ?

– ಹೆಸರು ಬೇಡ, ಬನಹಟ್ಟಿ

ಉತ್ತರ:

ತಂಗೀ, ಬಿಡಬೇಡಿ. ಆದರೆ ಈಗ ನಡೆಸಿರುವ ರೀತಿಯಲ್ಲೇ ಮುಂದುವರಿಸಲೂ ಬೇಡಿ.

ಮೊದಲು ದುಡ್ಡಿನ ಮಾತು ಮುಗಿಸೋಣ, ಯಾಕೆಂದರೆ ಅದು ಎದೆಯ ಮೇಲೆ ಕೂತಿರುವಾಗ ಉಳಿದದ್ದು ಯಾವುದೂ ಕಿವಿಗೆ ಇಳಿಯುವುದಿಲ್ಲ. ತವರಿನವರು ನಿಮ್ಮ ಕೈಗಿಟ್ಟ ದುಡ್ಡು ನಿಮ್ಮದೇ. ನೀವು ಕದ್ದಿಲ್ಲ. ನಿಮ್ಮನ್ನು ಕೊರೆಯುತ್ತಿರುವುದು ಮುಚ್ಚಿಟ್ಟದ್ದು. ಮಗ್ಗ ನಿಂತು, ಮಕ್ಕಳು ಮಲಗಿದ ಮೇಲೆ ಯಜಮಾನರೊಬ್ಬರಿಗೇ ಹೇಳಿ. "ಸೀರಿ ಬಗ್ಗೆ ಕ್ಲಾಸಿಗೆ ಒಂದೂವರೆ ಸಾವಿರ ಕಟ್ಟೀನಿ. ನಿಮಗ ಹೇಳಬೇಕಾಗಿತ್ತು, ಹೇಳಲಿಲ್ಲ." ಇಷ್ಟು ಹೇಳಿ ಸುಮ್ಮನಾಗಿ. ನೆವ ಪೋಣಿಸಬೇಡಿ, ಅಳಬೇಡಿ, ಎಂ.ಎ. ತಪ್ಪಿದ ಹಳೆಯ ಲೆಕ್ಕವನ್ನು ಅಂದೇ ತೆಗೆಯಬೇಡಿ. ಅವರು ಎರಡು ಮಾತು ಅಂದರೆ ಅನ್ನಲಿ. ಬೈಯುವವರಲ್ಲ ಎಂದು ನೀವೇ ಬರೆದಿದ್ದೀರಿ, ಆ ಮಾತನ್ನು ನಾನು ನಂಬುತ್ತೇನೆ.

ಆಗ ಅವರು ಮತ್ತೆ "ಏನ್ ಬರ್ತೈತಿ?" ಎಂದು ಕೇಳಬಹುದು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆ. "ನನಗ ಖುಷಿ ಆಗ್ತೈತಿ." ಅಷ್ಟೇ ಸಾಕು, ಅದು ನಿಜ. ಮುಂದೆ ಇದರಿಂದ ಸಂಪಾದನೆ ಆದೀತು, ಸೀರೆಯ ಹೊಸ ಡಿಸೈನ್ ಹೊಳೆದೀತು ಎಂದೆಲ್ಲ ಆಸೆ ಹುಟ್ಟಿಸಬೇಡಿ. ಹಾಡಿಗೆ, ಕಸೂತಿಗೆ, ಓದಿಗೆ ಮನೆಯವರ ಒಪ್ಪಿಗೆ ಪಡೆಯಲು ಸಂಪಾದನೆಯ ಮಾತು ಕೊಟ್ಟು, ವರ್ಷ ಕಳೆದ ಮೇಲೆ ಆ ಮಾತಿಗೆ ಸಿಕ್ಕಿಬಿದ್ದು ಒದ್ದಾಡುವ ಹೆಣ್ಣುಮಕ್ಕಳ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ದಿನವಿಡೀ ದುಡಿಯುವ ಹೆಂಗಸಿಗೆ ದುಡ್ಡು ತಾರದ ಒಂದು ತಾಸು ಬೇಕು ಎಂದರೆ ಅದಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ.

ಇನ್ನು ಮೇಲೆ ಹೆಚ್ಚು ಖರ್ಚು ಮಾಡುವ ಅಗತ್ಯವೂ ಬೀಳಲಾರದು. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಜನ 'ಮ್ಯಾಪ್' ಅನ್ನುತ್ತಾರಲ್ಲ, ಅದರ ಅಕಾಡೆಮಿ ಭಾರತದ ಕಲೆಯ ವಿಶ್ವಕೋಶವನ್ನು 2022ರಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ನಮ್ಮ ಉಪಖಂಡದ ಬಟ್ಟೆಗಳ ಮೇಲೆಯೇ ಒಂದು ಕೋರ್ಸ್ ಇದೆ, ಅದಕ್ಕೂ ದುಡ್ಡಿಲ್ಲ. ಇವು ಇಂಗ್ಲಿಷಿನಲ್ಲಿವೆ. ಆದರೆ ನಿಮಗೆ ಬೇಕಾದಾಗ ನಿಲ್ಲಿಸಿ, ಪದಕೋಶ ನೋಡಿ, ಮತ್ತೆ ಮುಂದುವರಿಸಬಹುದು. ಯಾರೂ ಅವಸರ ಮಾಡುವುದಿಲ್ಲ. ಕನ್ನಡದಲ್ಲೇ ಕೇಳಬೇಕೆಂದರೆ ಸಂಚಿ ಪ್ರತಿಷ್ಠಾನದವರು ವಿದ್ವಾಂಸರ ಮಾತುಗಳನ್ನು ವೀಡಿಯೊ ಮಾಡಿ ಯೂಟ್ಯೂಬ್‌ನಲ್ಲಿ ಇಟ್ಟಿದ್ದಾರೆ. ಹಳೆಯ ಕನ್ನಡ ಪುಸ್ತಕಗಳು ಬೇಕೆಂದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಇವೆ. ಎಲ್ಲಾದರೂ ದುಡ್ಡು ಕಟ್ಟಲೇಬೇಕಾದರೆ ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ಕಟ್ಟಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಪ್ರಮಾಣಪತ್ರ ಕೊಡುತ್ತೇವೆ ಅಂದರೆ, ಅದನ್ನು ಗೋಡೆಗೆ ಹಾಕಿಕೊಂಡು ನಿಮಗೆ ಆಗಬೇಕಾದ್ದು ಏನೆಂದು ಒಮ್ಮೆ ಯೋಚಿಸಿ.

ಈಗ ಅತ್ತೆಯ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಒಬ್ಬಾಕೀನ ನಗತೀದಿ" ಎಂಬಲ್ಲಿ. ಅವರ ಜಾಗದಲ್ಲಿ ಕೂತು ನೋಡಿ. ಸೊಸೆ ಎದುರಿಗೇ ಇದ್ದಾಳೆ, ಕಿವಿ ಮುಚ್ಚಿದೆ, ಕಣ್ಣು ಫೋನಿನಲ್ಲಿದೆ, ಮುಖದ ಮೇಲೆ ನಗು ಮೂಡಿ ಮಾಯವಾಗುತ್ತದೆ. ಯಾಕೆಂದು ಇವರಿಗೆ ತಿಳಿಯದು. ಯಾರ ಜೊತೆ, ಏನು ಎಂಬ ಅನುಮಾನ ಬಂದರೂ ಆಶ್ಚರ್ಯವಿಲ್ಲ. ಅವರಿಗೆ ಬೇಸರ ತಂದಿರುವುದು ಇತಿಹಾಸವೂ ಅಲ್ಲ, ಚಿತ್ರಕಲೆಯೂ ಅಲ್ಲ. ನೀವು ಅವರ ಎದುರಿನಲ್ಲೇ ಅವರನ್ನು ಹೊರಗಿಟ್ಟು ಕದ ಹಾಕಿಕೊಂಡಿದ್ದೀರಿ. ಇಯರ್‌ಫೋನ್ ತೆಗೆಯಿರಿ. ಸದ್ದು ಹೊರಗೆ ಬರಲಿ. ಇಂಗ್ಲಿಷ್ ಇದ್ದರೆ ಇರಲಿ, ಅದು ಪಾಠ ಎಂದು ಧ್ವನಿಯಿಂದಲೇ ಅವರಿಗೆ ಗೊತ್ತಾಗುತ್ತದೆ. ಚಿತ್ರ ಬಂದಾಗ ಫೋನನ್ನು ಅವರತ್ತ ತಿರುಗಿಸಿ.

ಅದಕ್ಕಿಂತ ಮೇಲಾದ ದಾರಿಯೊಂದಿದೆ. ಆ ಇಳಕಲ್ ಸೀರೆಯ ಚಿತ್ರವನ್ನು ತೋರಿಸಿ ಅತ್ತೆಗೇ ಪ್ರಶ್ನೆ ಕೇಳಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಗೆ ಸೆರಗಿನ ಎಳೆಯ ಕುಣಿಕೆ ಸಿಗಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಒಂದೊಂದೇ ಎಳೆ, ತಾಸುಗಟ್ಟಲೆ ಬೆನ್ನು ಬಾಗಿಸಿ ಮಾಡುವ ಕೆಲಸ. ಆ ಕೂಡುಗೆರೆ ನೇರವಾಗಿ ಬಂದಿದೆಯೋ ಇಲ್ಲವೋ ಎಂದು ಚಿತ್ರ ನೋಡಿ ಹೇಳಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಅವರು ಏನು ಹೇಳುತ್ತಾರೋ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಾನು ಹೇಳಿದ್ದನ್ನು ಸೊಸೆ ಬರೆದುಕೊಳ್ಳುತ್ತಿದ್ದಾಳೆ ಎಂದು ಕಂಡ ದಿನ ಅವರ ಮಾತಿನ ಧಾಟಿ ಬದಲಾಗುತ್ತದೆ.

ಸಂಜೆ ಏಳರ ತಂಟೆಗೆ ಪರಿಹಾರ ಸುಲಭ. ಆ ಹೊತ್ತನ್ನು ಗೊತ್ತುಮಾಡುವವರು ನಗರದ ಕಚೇರಿ ಬಿಡುವ ಸಮಯ ನೋಡಿ ಗೊತ್ತುಮಾಡುತ್ತಾರೆ. ಜೋಳದ ರೊಟ್ಟಿ ಬಡಿಯುವ ಮನೆಗಳ ಲೆಕ್ಕ ಅವರಿಗೆ ಇರುವುದಿಲ್ಲ. ಬಹಳಷ್ಟು ಕಾರ್ಯಕ್ರಮಗಳು ಮರುದಿನವೋ ವಾರದಲ್ಲೋ ಆ ಸಂಸ್ಥೆಯ ಯೂಟ್ಯೂಬ್‌ಗೆ ಬರುತ್ತವೆ. ಅದೇ ಗಳಿಗೆಯಲ್ಲಿ ನೋಡಲೇಬೇಕೆಂಬ ಹಟ ಬಿಡಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲಿನ ತಾಸು ನಿಮ್ಮದಾಗಲಿ. ಪ್ರಶ್ನೆ ಕೇಳಲೇಬೇಕು ಅನಿಸುವ ಅಪರೂಪದ ಕಾರ್ಯಕ್ರಮ ಇದ್ದ ದಿನ ಮಾತ್ರ, "ಇವತ್ತ ಒಂದ್ ತಾಸು ನನಗ ಬೇಕು" ಎಂದು ಬೆಳಿಗ್ಗೆಯೇ ಹೇಳಿಟ್ಟು, ರೊಟ್ಟಿ ಮೊದಲೇ ಬಡಿದು ಬುಟ್ಟಿಯಲ್ಲಿಟ್ಟು ಕೂಡಿ. ಇಪ್ಪತ್ತು ದಿನ ಕದ್ದು ಅರ್ಧಂಬರ್ಧ ಕೇಳುವುದಕ್ಕಿಂತ ಒಂದು ದಿನ ಹೇಳಿ ಕೇಳಿ ಕೂತದ್ದು ಹೆಚ್ಚು ತಲೆಯಲ್ಲಿ ಉಳಿಯುತ್ತದೆ.

ನೀವು ತರಗತಿ ಬಿಟ್ಟ ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು. ಕನ್ನಡದಲ್ಲಿ ಕೇಳಿದ್ದಕ್ಕೆ, ಹಿಂದೆ ಮಗ್ಗ ಸದ್ದು ಮಾಡಿದ್ದಕ್ಕೆ ನೀವು ನಾಚಿಕೊಂಡು ಎದ್ದುಬಂದಿರಿ. ಒಂದು ಮಾತು ಕೇಳಿ. ಸೀರೆಯ ತರಗತಿಯಲ್ಲಿ ಮಗ್ಗದ ಸದ್ದು ಕೇಳಿಸಿದರೆ ಅದಕ್ಕಿಂತ ಸರಿಯಾದ ಸದ್ದು ಬೇರೆ ಯಾವುದಿತ್ತು? ಮೈಕ್ ಬಂದ್ ಮಾಡಿದವರು ಬಹುಶಃ ಗದ್ದಲ ಎಂದುಕೊಂಡು ಅಭ್ಯಾಸಬಲದಿಂದ ಗುಂಡಿ ಒತ್ತಿರಬಹುದು. ಅವರಿಗೆ ನಿಮ್ಮ ಮೇಲೆ ತಾತ್ಸಾರವಿತ್ತು ಎಂದು ನಾನು ಹೇಳಲಾರೆ. ಆದರೆ ತಪ್ಪು ಅವರದು, ನಿಮ್ಮದಲ್ಲ. ಕರ್ನಾಟಕದ ಸೀರೆಯ ಬಗ್ಗೆ ಪಾಠ ಮಾಡುವವರು ಕನ್ನಡದಲ್ಲಿ ಬರುವ ಪ್ರಶ್ನೆಯನ್ನು ಓದಿ ಹೇಳಲು ಒಬ್ಬರನ್ನು ಕೂರಿಸಿಕೊಳ್ಳಬೇಕಾದದ್ದು ಕನಿಷ್ಠ ಜವಾಬ್ದಾರಿ.

ನಿಮ್ಮ ಪ್ರಶ್ನೆಯಂತೂ ಬಹಳ ದೊಡ್ಡದು. ಮ್ಯೂಸಿಯಂಗಳಲ್ಲಿ ಹಳೆಯ ಬಟ್ಟೆಯ ಪಕ್ಕದ ಚೀಟಿ ನೋಡಿ. ಎಲ್ಲಿಯದು, ಯಾವ ಕಾಲದ್ದು, ಹತ್ತಿಯೋ ರೇಷ್ಮೆಯೋ, ಯಾರು ಕೊಟ್ಟರು ಎಂದೆಲ್ಲ ಇರುತ್ತದೆ. ನೇಯ್ದವರ ಹೆಸರು ಇರುವುದೇ ಅಪರೂಪ, ಕಂಡಿಕೆ ಸುತ್ತಿದವರ, ಕೊಂಡಿ ಹಾಕಿದವರ ಹೆಸರು ಕೇಳಲೇ ಬೇಡಿ. ಮಗ್ಗಕ್ಕೆ ಮುಂಚಿನ ಕೆಲಸದ ಬಹುಪಾಲು ಮನೆಯ ಹೆಂಗಸರದು, ಹಾಗಾಗಿ ದಾಖಲೆಯಿಂದ ಮೊದಲು ಬಿಟ್ಟುಹೋಗುವವರೂ ಅವರೇ. ನಿಮ್ಮ ಪಕ್ಕದ ಮುಧೋಳದ ರನ್ನನನ್ನು ನೆನೆಯಿರಿ. 993ರಲ್ಲಿ ಮುಗಿಸಿದ 'ಅಜಿತಪುರಾಣ'ದಲ್ಲಿ ಆತ ತನ್ನ ಮನೆಯ ಸಂಗತಿಯನ್ನು ಬರೆದಿಟ್ಟಿದ್ದಾನೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಬಳೆಗಾರರ ಕುಲ. ಹೀಗೆ ಬರೆದಿಟ್ಟದ್ದಕ್ಕೇ ಸಾವಿರ ವರ್ಷ ಕಳೆದರೂ ಒಬ್ಬ ಬಳೆಗಾರ ಹೆಣ್ಣುಮಗಳ ಹೆಸರು ನಮ್ಮ ಬಾಯಲ್ಲಿದೆ. ಆ ಕಾಲದಲ್ಲಿ ನೂಲು ಸುತ್ತಿದ ಎಷ್ಟೋ ಅಬ್ಬೆಯರ ಹೆಸರು ಬರೆಯಲು ಮಕ್ಕಳಲ್ಲಿ ಕವಿಗಳಿರಲಿಲ್ಲ. ನೀವು ಚಾಟ್‌ನಲ್ಲಿ ಕೇಳಿದ್ದು ಅವರ ಹೆಸರನ್ನು.

ಆದ್ದರಿಂದ ಆ ಪ್ರಶ್ನೆಯನ್ನು ಮತ್ತೆ ಕೇಳಿ. ಈ ಸಲ ಚಾಟ್‌ನಲ್ಲಿ ಬೇಡ, ಅಲ್ಲಿ ಸಾಲುಗಳು ಕಣ್ಮುಂದೆ ಓಡಿಹೋಗುತ್ತವೆ. ಸಂಸ್ಥೆಯ ಇಮೇಲ್‌ಗೆ ಕನ್ನಡದಲ್ಲೇ ಬರೆಯಿರಿ. ಹೀಗೆ ಬರೆದರೆ ಸಾಕು: "ನಾನು ರಬಕವಿ-ಬನಹಟ್ಟಿಯ ನೇಕಾರ ಮನೆಯವಳು. ನಿಮ್ಮ ತರಗತಿಗೆ ಶುಲ್ಕ ಕಟ್ಟಿ ಸೇರಿದ್ದೆ. ನೀವು ತೋರಿಸಿದ ಇಳಕಲ್ ಸೀರೆ ನಿಮಗೆ ಯಾವ ಊರಿನಿಂದ, ಯಾವ ಮನೆಯಿಂದ ಬಂತು? ನೇಯ್ದವರ, ಕೊಂಡಿ ಹಾಕಿದವರ ಹೆಸರು ದಾಖಲೆಯಲ್ಲಿದೆಯೇ? ಇಳಕಲ್ಲಿನಲ್ಲಿ ಈ ಕೆಲಸ ಮಾಡಿದ ಹಿರಿಯರೊಬ್ಬರು ನಮ್ಮ ಮನೆಯಲ್ಲಿದ್ದಾರೆ. ನಿಮಗೆ ಬೇಕಾದರೆ ಅವರು ತಿಳಿದದ್ದನ್ನು ಹೇಳಬಲ್ಲರು." ಬಿಟ್ಟುಹೋದ ತರಗತಿಗಳ ರೆಕಾರ್ಡಿಂಗನ್ನೂ ಅದೇ ಪತ್ರದಲ್ಲಿ ಕೇಳಿ. ದುಡ್ಡು ಕಟ್ಟಿದ್ದೀರಿ, ಕೇಳುವ ಹಕ್ಕಿದೆ. ಪತ್ರ ಕಳಿಸುವ ಮೊದಲು ಅತ್ತೆಗೆ ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಅವರ ವಿಷಯ ಸೇರಿಸಿ.

ಚಿಕ್ಕಪ್ಪನ ಮಗಳ ಫೋಟೊ ನೋಡಿ ಮನಸ್ಸು ಮುದುಡುವುದು ಸಹಜ. ಆದರೆ ಈ ಒಂದು ಸಂಗತಿ ನಿಮಗೆ ಗೊತ್ತಿರಲಿ. ಮೇಲೆ ಹೇಳಿದ ಮ್ಯಾಪ್ ಮ್ಯೂಸಿಯಂ ಮೊದಲು ತೆರೆದದ್ದೇ ಆನ್‌ಲೈನ್‌ನಲ್ಲಿ, 2020ರ ಡಿಸೆಂಬರ್ 5ರಂದು. ಕಸ್ತೂರಬಾ ರಸ್ತೆಯ ಅದರ ಕಟ್ಟಡದ ಬಾಗಿಲು ಜನರಿಗೆ ತೆರೆದದ್ದು 2023ರ ಫೆಬ್ರುವರಿಯಲ್ಲಿ. ನಡುವಿನ ಎರಡು ವರ್ಷ ಬೆಂಗಳೂರಿನವರೂ ಬನಹಟ್ಟಿಯವರೂ ಒಂದೇ ಬಾಗಿಲಿನಿಂದ ಅದರೊಳಗೆ ಹೋಗಬೇಕಿತ್ತು. ಅವಳು ಮುಂದಿನ ಸಾಲಿನಲ್ಲಿ, ನೀವು ಹಿಂದೆ ಎಂಬ ಭೇದ ಅಲ್ಲಿರಲಿಲ್ಲ. ಭಾಷೆಯ ಭೇದ ಇತ್ತು, ನೆಟ್‌ವರ್ಕ್ ಭೇದ ಇತ್ತು, ಅದನ್ನು ಮರೆಮಾಚುವುದಿಲ್ಲ. ಉಪನ್ಯಾಸಕ್ಕೆ ವೀಡಿಯೊ ಗುಣಮಟ್ಟ ಇಳಿಸಿ ಇಟ್ಟುಕೊಳ್ಳಿ, ಮಾತು ಕೇಳಿದರೆ ಸಾಕು. ಚಿತ್ರ ಬಂದಾಗ ಮಾತ್ರ ಏರಿಸಿ. ಡೇಟಾ ಉಳಿಯುತ್ತದೆ, ಮಕ್ಕಳ ಜೊತೆ ಜಗಳವೂ ತಪ್ಪುತ್ತದೆ.

ಚಿತ್ರದ ಮಾತು ಬಂತು. ಪರದೆಯ ಮೇಲೆ ನೋಡುವುದಕ್ಕೆ ಅದರದೇ ಒಂದು ಲಾಭವಿದೆ, ಇದನ್ನು ನೀವು ಮಾಡಿ ನೋಡಲೇಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 'ಹೌಸ್ ಆಫ್ ಬಿಜಾಪುರ' ಎಂಬ ಚಿತ್ರವಿದೆ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬ ಇಬ್ಬರು ಬರೆದದ್ದು. ಆದಿಲ್‌ಶಾಹಿ ಮನೆತನದ ಸುಲ್ತಾನರು ತಲೆಮಾರು ತಲೆಮಾರಾಗಿ ಒಂದೇ ಕಡೆ ಕೂತಿದ್ದಾರೆ, ಬೇರೆ ಬೇರೆ ಕಾಲದವರು ಒಂದೇ ಸಭೆಯಲ್ಲಿ. ಅಧಿಕಾರದ ಗುರುತಾಗಿ ಬೀಗದ ಕೈಯೊಂದು ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ಅದನ್ನು ಬರೆದು ಐದಾರು ವರ್ಷಕ್ಕೆ, 1686ರಲ್ಲಿ, ಔರಂಗಜೇಬನ ಕೈಗೆ ವಿಜಯಪುರ ಹೋಯಿತು. ಜಮಖಂಡಿಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮುಂಚೆ ಮುಟ್ಟುವ ಊರಿನ ಚಿತ್ರ ಸಮುದ್ರದಾಚೆ ಕೂತಿದೆ. ಅಲ್ಲಿ ಗಾಜಿನ ಮುಂದೆ ನಿಂತರೂ ಇಷ್ಟು ಹತ್ತಿರದಿಂದ ನೋಡಲಾಗದು. ಫೋನಿನಲ್ಲಾದರೆ ಎರಡು ಬೆರಳಿನಿಂದ ಹಿಗ್ಗಿಸಿ ಆ ಜಾಮಾಗಳ ಅಂಚು, ನಡುಪಟ್ಟಿಯ ಬುಟ್ಟಾ, ಹಾಸಿದ ಜಮಖಾನದ ಬಳ್ಳಿ ಎಲ್ಲವನ್ನೂ ನೋಡಬಹುದು. ಆ ಮ್ಯೂಸಿಯಂ 2017ರಿಂದ ತನ್ನಲ್ಲಿರುವ ಇಂಥ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲು ಬಿಟ್ಟಿದೆ. ಇಳಿಸಿಕೊಂಡು ಯಜಮಾನರ ಕೈಗೆ ಕೊಡಿ. ಬಟ್ಟೆಯ ಕಸುಬಿನವರ ಕಣ್ಣು ನಮ್ಮಂಥವರ ಕಣ್ಣಲ್ಲ. ಅವರು ಏನು ಹೇಳುತ್ತಾರೋ ನನಗೂ ಕೇಳುವ ಆಸೆಯಿದೆ.

ನಾಟಕದ ವಿಷಯಕ್ಕೆ ಬಂದರೆ ನನ್ನ ಮಾತು ಬೇರೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2020ರ ಏಪ್ರಿಲ್ 2ರಿಂದ ಕೆಲ ತಿಂಗಳು ವಾರಕ್ಕೊಂದರಂತೆ ತನ್ನ ನಾಟಕಗಳನ್ನು ಯೂಟ್ಯೂಬ್‌ನಲ್ಲಿ ಪುಕ್ಕಟೆ ತೋರಿಸಿತು. ಆಮೇಲೆ ಅದನ್ನೇ ಶುಲ್ಕದ ಸೇವೆ ಮಾಡಿತು. ನೀವು ಅದನ್ನು ನೋಡಿದ್ದು ಒಳ್ಳೆಯದೇ ಆಯಿತು. ಆದರೆ ಕ್ಯಾಮೆರಾ ತೋರಿಸಿದಷ್ಟನ್ನೇ ನೀವು ನೋಡಿದ್ದೀರಿ. ನಟ ಕಣ್ಣೀರು ಹಾಕುವಾಗ ಮೂಲೆಯಲ್ಲಿ ನಿಂತ ಇನ್ನೊಬ್ಬಳು ಏನು ಮಾಡುತ್ತಿದ್ದಳು ಎಂಬುದು ನಿಮ್ಮ ಪಾಲಿಗೆ ಇರಲಿಲ್ಲ.

ಪಾರಿಜಾತಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ಬೆಳೆಸಿ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಊರೂರಿಗೆ ಮುಟ್ಟಿಸಿದ ಆಟ ಅದು. ಕೃಷ್ಣಾ–ಘಟಪ್ರಭೆಯ ನಡುವಿನ ನಿಮ್ಮ ಸೀಮೆಯೇ ಅದರ ಮನೆ. ಒಂದು ಹೂವಿಗೆ ಸತ್ಯಭಾಮೆ ಮುನಿಯುವ ಕತೆ ನೆರೆದವರಿಗೆಲ್ಲ ಬಾಯಿಪಾಠ, ಆದರೂ ಬೆಳತನಕ ಕೂಡುತ್ತಾರೆ. ಯಾಕೆಂದರೆ ಅಲ್ಲಿ ಕತೆಯಷ್ಟೇ ಆಟವಲ್ಲ. ಭಾಗವತ ಹಾಡು ನಿಲ್ಲಿಸಿ ಎದುರಿಗೆ ಕೂತವರ ಮುಖ ನೋಡಿ ಒಂದು ಮಾತು ಅನ್ನುತ್ತಾನೆ. ಹಾರ್ಮೋನಿಯಂ ಸ್ವರ ಹಿಡಿದೇ ಕಾಯುತ್ತದೆ. ಜನರ ಕಡೆಯಿಂದ ಉತ್ತರ ಬರುತ್ತದೆ. ಗೊಲ್ಲತಿ ಬಂದಾಗಲೋ ಕೊರವಂಜಿ ಬಂದಾಗಲೋ ಆ ಊರಿನ ಅಂದಿನ ಸುದ್ದಿಯೇ ಮಾತಿನೊಳಗೆ ನುಸುಳುತ್ತದೆ. ನಾಳೆ ಬೇರೆ ಊರಿನಲ್ಲಿ ಆ ಮಾತು ಇರುವುದಿಲ್ಲ. ರೆಕಾರ್ಡ್ ಮಾಡಿ ಇಟ್ಟರೆ ಹಾಡು ಉಳಿಯುತ್ತದೆ, ವೇಷ ಉಳಿಯುತ್ತದೆ. ಎದುರು ಕೂತವರಿಲ್ಲದೆ ಆ ಕೊಡು-ಕೊಳೆಯಂತೂ ಉಳಿಯದು. ಬಯಲಾಟ ಅಕಾಡೆಮಿ ಇರುವುದೂ ನಿಮ್ಮ ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲೇ. ಎಲ್ಲಿ, ಯಾವಾಗ ಆಟ ಎಂದು ಅಲ್ಲಿ ವಿಚಾರಿಸಬಹುದು. ಮುಂದಿನ ಸಲ ಹೋಗಿ. ಫೋನು ಚೀಲದಲ್ಲಿರಲಿ. ಲಂಡನ್ನಿನ ನಾಟಕ ನೋಡಿದ ಕಣ್ಣಿನಿಂದ ಪಾರಿಜಾತ ನೋಡಿದರೆ ಅದು ಸಣ್ಣದಾಗಿ ಕಾಣುತ್ತದೆ ಎಂಬ ಭಯ ಬೇಡ. ಎರಡನ್ನೂ ನೋಡಿದವರಿಗೆ ಎರಡೂ ಹೆಚ್ಚು ತಿಳಿಯುತ್ತವೆ.

ಅತ್ತೆಗೆ ಹಾಡು ಇಷ್ಟವೇ? ಹಾಗಿದ್ದರೆ ಅಮೀರ್‌ಬಾಯಿ ಕರ್ನಾಟಕಿಯಿಂದ ಶುರುಮಾಡಿ. ಹುಟ್ಟಿದ್ದು ಪಕ್ಕದ ಬೀಳಗಿಯಲ್ಲಿ. ಮುಂಬೈಗೆ ಹೋಗಿ 1943ರ 'ಕಿಸ್ಮತ್' ಸಿನಿಮಾದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಹಾಡಿ ದೇಶಕ್ಕೇ ಹೆಸರಾದವರು. ಸಹೋದರಿ ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹಾಡಿ ಅಭಿನಯಿಸಿದವರು. ಆ ಹಳೆಯ ಗ್ರಾಮಫೋನ್ ತಟ್ಟೆಗಳ ಧ್ವನಿ ಈಗ ಫೋನಿನಲ್ಲೇ ಸಿಗುತ್ತದೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ, ಗ್ರಂಥಾಲಯದಲ್ಲಿ ಕೇಳಿ ನೋಡಿ. ರೊಟ್ಟಿ ಬಡಿಯುತ್ತ ಇಬ್ಬರೂ ಕೂಡಿ ಆ ಹಾಡು ಕೇಳಿದರೆ ಸಾರು ಉಕ್ಕಿದರೂ ಇಬ್ಬರ ಗಮನಕ್ಕೂ ಬರುತ್ತದೆ.

ನಿಮ್ಮ ಪತ್ರದಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ ನನಗೆ ಕಂಡಿತು. ಕೇಳಿದ್ದನ್ನು ಮಾತಾಡಲು ನಿಮಗೆ ಒಬ್ಬರೂ ಇಲ್ಲ. ಉಪನ್ಯಾಸ ಮುಗಿದು ಪರದೆ ಕಪ್ಪಾದ ಕೂಡಲೇ ಎಲ್ಲ ಮುಗಿಯುತ್ತದೆ. ಸಭಾಂಗಣದಲ್ಲಾದರೆ ಹೊರಗೆ ಚಹಾ ಕುಡಿಯುತ್ತ ನಾಲ್ಕು ಮಾತು ಆಡುತ್ತಾರೆ, ಕಲಿಕೆಯ ಅರ್ಧ ಅಲ್ಲೇ ಆಗುವುದು. ಆ ಚಹಾದ ಮಾತನ್ನು ನೀವು ಊರಲ್ಲೇ ಹುಟ್ಟಿಸಿಕೊಳ್ಳಬೇಕು. ನೂರು ಜನರ ವಾಟ್ಸ್‌ಆ್ಯಪ್ ಗುಂಪು ಕಟ್ಟಲು ಹೋಗಬೇಡಿ, ಅದು ಎರಡೇ ವಾರಕ್ಕೆ ಶುಭೋದಯದ ಚಿತ್ರಗಳಿಂದ ತುಂಬುತ್ತದೆ. ಕಾಲೇಜಿನಲ್ಲಿ ಜೊತೆಗೆ ಓದಿದ ಒಬ್ಬ ಗೆಳತಿ, ಮಗಳ ಶಾಲೆಯ ಒಬ್ಬ ಟೀಚರು, ಅಷ್ಟು ಸಾಕು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯ ಟಿವಿಗೆ ಫೋನು ಜೋಡಿಸಿ ಒಂದು ಉಪನ್ಯಾಸ ನೋಡಿ, ಆಮೇಲೆ ಚಹಾ.

ಯಾವುದರಿಂದ ಶುರು ಮಾಡುವುದೆಂದರೆ ಹಲಗಲಿಯಿಂದ ಮಾಡಿ ಎನ್ನುತ್ತೇನೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆಗೆ ಬಗ್ಗದೆ ಬೇಡರು ತಿರುಗಿಬಿದ್ದ ಊರು ಅದು, ಮುಧೋಳ ತಾಲ್ಲೂಕಿನಲ್ಲಿದೆ. ಆ ಕತೆಯ ಲಾವಣಿಯನ್ನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ. ಆ ಹಳೆಯ ಸಂಪುಟಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಓದಲು ಸಿಗುತ್ತವೆ. ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲೂ ಹಲಗಲಿ ಬೇಡರ ಲಾವಣಿ ಪಾಠವಾಗಿ ಬಂದಿದೆ. ಅದೇ ಲಾವಣಿಯನ್ನು ಹಾಡುವವರು ನಿಮ್ಮ ಸೀಮೆಯಲ್ಲಿ ಇನ್ನೂ ಇರಬಹುದು, ಹುಡುಕಿ. ಮಗಳಿಗೆ ಪುಸ್ತಕದಲ್ಲಿ ಓದಿಸಿ, ಫೋನಿನಲ್ಲಿ ಹಳೆಯ ಪುಟ ತೋರಿಸಿ, ಆಮೇಲೆ ಒಂದು ದಿನ ಹಲಗಲಿಗೇ ಕರೆದುಕೊಂಡು ಹೋಗಿ. ತೇರದಾಳದ 12ನೆಯ ಶತಮಾನದ ಬಸದಿ, ಶಾಸನ ಇನ್ನೂ ಹತ್ತಿರ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತಮ್ಮ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡುತ್ತಿದ್ದಾರೆ. ಸವೆದ ಅಕ್ಷರವನ್ನು ಹೇಗೆ ಓದುತ್ತಾರೆ ಎಂದು ಅಲ್ಲಿ ನೋಡಿಕೊಂಡು ತೇರದಾಳಕ್ಕೆ ಹೋದರೆ ಕಲ್ಲಿನ ಮುಂದೆ ನಿಲ್ಲುವ ರೀತಿಯೇ ಬೇರೆಯಾಗುತ್ತದೆ.

ಬೆಂಗಳೂರಿಗೆ ಹೋಗುವ ಯೋಗ ಬಂದಾಗ ಬರಲಿ. ಅದಕ್ಕೂ ಮೊದಲು ಈ ಚಳಿಗಾಲದಲ್ಲಿ ಒಂದು ದಿನ ಮನೆಯವರೆಲ್ಲ ಕೂಡಿ ವಿಜಯಪುರಕ್ಕೆ ಹೊರಡಿ. ಅತ್ತೆಯನ್ನೂ ಕರೆದುಕೊಳ್ಳಿ, ಗೋಳಗುಮ್ಮಟ ಅವರು ನೋಡಿರಬಹುದು, ಅದರ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಒಳಗೆ ಹೋಗಿರಲಿಕ್ಕಿಲ್ಲ. ಆದಿಲ್‌ಶಾಹಿ ಕಾಲದ ವಸ್ತುಗಳು ಅಲ್ಲಿವೆ, ಆ ನ್ಯೂಯಾರ್ಕಿನ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡೇ ನೋಡಿ. ಇಲ್ಲವೇ ಬಾದಾಮಿ, ಐಹೊಳೆ. ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ತಿರುಗಿ ಬರಬಹುದು. ಶುಕ್ರವಾರ ಮಾತ್ರ ಬೇಡ, ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಅಂದು ರಜೆ.